ಆಟಕ್ಕೊಂದು ಪುರವಣಿ

2021ರ ಜುಲೈ ತಿಂಗಳ ಕೊನೆಯ ವಾರ. ವೇದಗಂಗೆಯ ನೀರು ಯಮಗರ್ಣಿಯ ಹತ್ತಿರ ಪುಣೆ-ಬೆಂಗಳೂರು ಹೆದ್ದಾರಿಯನ್ನೇ ಮುಚ್ಚಿತ್ತು. ವೇದಗಂಗಾ ಮತ್ತು ದೂಧಗಂಗಾ ನದಿಗಳ ನಡುವೆ ಇರುವ ನಮ್ಮ ಭೋಜ ಊರಿಗೆ ಮಳೆಗಾಲ ಹೊಸದಲ್ಲ. ಕಾರದಗಾ ಕಡೆಯ ಸೇತುವೆ, ಕುನ್ನೂರ ಕಡೆಯ ಸೇತುವೆ ಎರಡೂ ನೀರಿನಡಿ ಹೋದವೆಂಬ ಸುದ್ದಿ ಪ್ರತಿ ವರ್ಷ ಪತ್ರಿಕೆಯಲ್ಲಿ ಬರುತ್ತದೆ. ಆ ಸಲ ಮಳೆಯ ಜೊತೆಗೆ ಕೊರೋನಾ ಕೂಡ ಇತ್ತು. ಕಾಲೇಜು ಫೋನಿನೊಳಗೆ ಹೊಕ್ಕಿತ್ತು. ಹುಡುಗರು ಮನೆ ಬಿಟ್ಟು ಹೊರಗೆ ಹೋಗುವಂತಿರಲಿಲ್ಲ.

ಅಂಥ ಒಂದು ಸಂಜೆ ನಮ್ಮ ತಂಗಿಯ ಮಗ ಲ್ಯಾಪ್‌ಟಾಪ್ ಹಿಡಿದುಕೊಂಡು ಬಂದ. ನಮ್ಮ ಮನೆಮಾತು ದಖನಿ. ಅವನು ಹೇಳಿದ್ದನ್ನು ನಮ್ಮ ಕಡೆಯ ಕನ್ನಡದಲ್ಲಿ ಹೇಳುವುದಾದರೆ ಹೀಗಿತ್ತು:

“ಮಾಮೂ, ಇದೊಂದು ತಗೋಬೇಕು. ಇದನ್ನ ತಗೊಂಡ್ರ ಆಟ ದೊಡ್ಡದಾಗ್ತದ.”

ಅದು ‘ಸ್ಟೆಲ್ಲಾರಿಸ್’ ಎಂಬ ಆಟ. ಅದನ್ನು ಅವನು ಆರು ತಿಂಗಳ ಹಿಂದೆ, ಈದಿಗೆ ಬಂದ ಹಣ ಕೂಡಿಸಿ ಕೊಂಡಿದ್ದ. ಈಗ ಅದೇ ಆಟಕ್ಕೆ ‘ಯುಟೋಪಿಯಾ’ ಎಂಬ ಇನ್ನೊಂದು ಭಾಗ ಬೇಕಂತೆ. ಅದಕ್ಕೆ ಬೇರೆ ದುಡ್ಡು. ಮೂಲೆಯಲ್ಲಿ ಕುಳಿತು ಅಕ್ಕಿ ಆರಿಸುತ್ತಿದ್ದ ನಮ್ಮ ಅಮ್ಮೀ ತಲೆಯೆತ್ತಿ ಕೇಳಿದರು:

“ಮೊದಲ ರೊಕ್ಕಾ ಕೊಟ್ಟಾಗ ಪೂರ್ತಿ ಆಟ ಕೊಟ್ಟಿರಲಿಲ್ಲೇನು?”

ಅಮ್ಮೀ ಮೂವತ್ತು ವರ್ಷ ಬೀಡಿ ಕಟ್ಟಿದವರು. ಸಾವಿರ ಬೀಡಿ ಎಂದರೆ ಸಾವಿರ ಬೀಡಿ ಎಣಿಸಿ ಕೊಟ್ಟವರು. ಒಂಬೈನೂರು ಕೊಟ್ಟು, ಉಳಿದ ನೂರಕ್ಕೆ ಬೇರೆ ಲೆಕ್ಕ ಹಚ್ಚುವ ವ್ಯಾಪಾರ ಅವರಿಗೆ ಗೊತ್ತಿಲ್ಲ. ಮೊಮ್ಮಗ ನಕ್ಕ. “ನಾನಿ, ನಿಮಗ ತಿಳಿಯೂದಿಲ್ಲ” ಎಂದ. ಆದರೆ ನಮಗೆ ನಗು ಬರಲಿಲ್ಲ. ಪ್ರಶ್ನೆ ಸರಿಯಾಗಿಯೇ ಇತ್ತು. ಒಂದು ಆಟ ಪೂರ್ತಿ ಆಗುವುದು ಯಾವಾಗ? ಆಟಕ್ಕೆ ಸೇರಿಸುವ ಭಾಗವನ್ನು ಬೇರೆಯಾಗಿ ಮಾರುವ ಪದ್ಧತಿ ಎಲ್ಲಿಂದ ಬಂತು? ಹಾಗೆ ಕೊಂಡದ್ದು ನಿಜವಾಗಿ ನಮ್ಮದಾಗುತ್ತದೆಯೇ? ಆ ಸಂಜೆಯ ಪ್ರಶ್ನೆಯನ್ನು ಬೆನ್ನುಹತ್ತಿ ಹೋದಾಗ ನಮಗೆ ಸಿಕ್ಕ ಚರಿತ್ರೆಯನ್ನು ಓದುಗರ ಮುಂದೆ ಇಡುತ್ತಿದ್ದೇವೆ.

ಹೆಸರಿನ ಬಗ್ಗೆ ಮೊದಲು

ಹುಡುಗರು ಇದನ್ನು ಎಕ್ಸ್‌ಪಾನ್ಶನ್ ಎನ್ನುತ್ತಾರೆ, ಡಿ.ಎಲ್.ಸಿ. ಎನ್ನುತ್ತಾರೆ. ನಾವು ಪುರವಣಿ ಎಂದು ಕರೆಯುತ್ತೇವೆ. ದಿನಪತ್ರಿಕೆಯ ಜೊತೆಗೆ ಪುರವಣಿ ಬರುವುದು ಎಲ್ಲರಿಗೂ ಗೊತ್ತು. ಪತ್ರಿಕೆ ಇಲ್ಲದೆ ಪುರವಣಿ ಇಲ್ಲ. ಆಟದ ಪುರವಣಿಯೂ ಹಾಗೆಯೇ, ಮೂಲ ಆಟ ಇಲ್ಲದೆ ಅದು ನಡೆಯುವುದಿಲ್ಲ. ವ್ಯತ್ಯಾಸ ಒಂದೇ. ಪತ್ರಿಕೆಯ ಪುರವಣಿಗೆ ಬೇರೆ ಹಣ ಕೇಳುವುದಿಲ್ಲ, ಇದಕ್ಕೆ ಕೇಳುತ್ತಾರೆ.

ಸ್ಟೆಲ್ಲಾರಿಸ್ ಆಟವನ್ನು ಸ್ವೀಡನ್ನಿನ ಸ್ಟಾಕ್‌ಹೋಮ್ ನಗರದ ಪ್ಯಾರಡಾಕ್ಸ್ ಸಂಸ್ಥೆ 2016ರ ಮೇ 9ರಂದು ಹೊರತಂದಿತು. ವಿಜ್ಞಾನ ಕಥೆಗಳ ಲೋಕದಲ್ಲಿ ನಡೆಯುವ ತಂತ್ರದ ಆಟ ಇದು. ಆಡುವವನ ಕೈಯಲ್ಲಿ ಮೊದಲಿಗೆ ಒಂದೇ ಗ್ರಹ, ಒಂದೇ ಜನಾಂಗ ಇರುತ್ತದೆ. ಅಲ್ಲಿಂದ ಹಡಗು ಕಳಿಸಿ ನೆರೆಯ ನಕ್ಷತ್ರಗಳನ್ನು ಹುಡುಕಬೇಕು, ಹೊಸ ಗ್ರಹಗಳಲ್ಲಿ ಜನರನ್ನು ನೆಲೆಗೊಳಿಸಬೇಕು, ಎದುರಾದ ಬೇರೆ ಜನಾಂಗಗಳ ಜೊತೆ ಒಪ್ಪಂದ ಅಥವಾ ಯುದ್ಧ ಮಾಡಬೇಕು. ಚದುರಂಗದ ಹಾಗೆ ಕೈ ಬೆರಳಿಗಿಂತ ತಲೆಗೆ ಹೆಚ್ಚು ಕೆಲಸ. 2017ರಲ್ಲಿ ಬಂದ ‘ಯುಟೋಪಿಯಾ’ ಪುರವಣಿಯನ್ನು ಕೊಂಡವರು ನಕ್ಷತ್ರದ ಸುತ್ತ ಉಂಗುರದಂಥ ನೆಲ ಕಟ್ಟಬಹುದು, ಇಡೀ ಸೂರ್ಯನನ್ನೇ ಚಿಪ್ಪಿನಿಂದ ಮುಚ್ಚಿ ಅದರ ಶಾಖವನ್ನು ಹಿಡಿದಿಟ್ಟುಕೊಳ್ಳಬಹುದು. 2018ರ ಕೊನೆಗೆ ಬಂದ ‘ಮೆಗಾಕಾರ್ಪ್’ ಪುರವಣಿಯಲ್ಲಿ ಕಂಪನಿಯೇ ರಾಜ್ಯವಾಗಿ, ಬೇರೆಯವರ ಗ್ರಹದಲ್ಲಿ ತನ್ನ ಶಾಖೆ ತೆರೆಯುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಪಾಠ ಓದಿದ ನಮಗೆ ಈ ಕಲ್ಪನೆ ಅಷ್ಟು ಹೊಸದೆನಿಸಲಿಲ್ಲ.

ಎಲೆ ಕೂಡಿಸಿದವರು

ಆಟವನ್ನು ಹಿಗ್ಗಿಸುವ ಆಸೆ ಮಾತ್ರ ಕಂಪ್ಯೂಟರಿಗಿಂತ ಬಹಳ ಹಳೆಯದು. ಉರ್ದು ಓದಿದವರಿಗೆ ಗಂಜೀಫಾ ಎಂಬ ಶಬ್ದ ಪರಿಚಿತ. ಇಸ್ಪೀಟು ಬರುವ ಮುಂಚೆ ಹಿಂದೂಸ್ತಾನದಲ್ಲಿ ಆಡುತ್ತಿದ್ದ ಎಲೆಯಾಟ ಅದು. ಎಲೆಗಳು ದುಂಡಗೆ ಇರುತ್ತವೆ. 1527ರಲ್ಲಿ ಬಾಬರ ಬಾದಶಾಹ ಸಿಂಧ್‌ನ ಶಾ ಹಸನ್‌ಗೆ ಗಂಜೀಫಾ ಎಲೆಗಳನ್ನು ಕಳಿಸಿದ್ದನ್ನು ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ.

ಮೊಗಲರ ಗಂಜೀಫಾದಲ್ಲಿ ಎಂಟು ಬಣ್ಣ, ಪ್ರತಿ ಬಣ್ಣಕ್ಕೆ ಹನ್ನೆರಡು ಎಲೆ, ಒಟ್ಟು 96. ಬಣ್ಣಗಳ ಹೆಸರು ಕೇಳಿದರೇನೇ ಒಂದು ದರ್ಬಾರು ಕಣ್ಣ ಮುಂದೆ ಬರುತ್ತದೆ: ತಾಜ್ ಎಂದರೆ ಕಿರೀಟ, ಶಮ್ಶೇರ್ ಎಂದರೆ ಖಡ್ಗ, ಗುಲಾಮ್ ಎಂದರೆ ಆಳು, ಚಂಗ್ ಎಂದರೆ ತಂತಿವಾದ್ಯ, ಸುರ್ಖ್ ಎಂದರೆ ಚಿನ್ನದ ನಾಣ್ಯ, ಸಫೇದ್ ಎಂದರೆ ಬೆಳ್ಳಿಯ ನಾಣ್ಯ, ಬರಾತ್ ಎಂದರೆ ಹುಕುಮ್‌ಪತ್ರ, ಕಿಮಾಶ್ ಎಂದರೆ ಸರಕು. ಒಂದು ರಾಜ್ಯ ನಡೆಯಲು ಬೇಕಾದ ಸೈನ್ಯ, ಖಜಾನೆ, ಕಚೇರಿ, ಉಗ್ರಾಣ ಎಲ್ಲವೂ ಒಂದು ಡಬ್ಬಿಯೊಳಗೆ. ಸ್ಟೆಲ್ಲಾರಿಸ್ ಆಡುವ ಹುಡುಗ ಪರದೆಯ ಮೇಲೆ ನೋಡಿಕೊಳ್ಳುವುದೂ ಇವೇ ಖಾತೆಗಳನ್ನು.

ಅಕ್ಬರನ ಕಾಲದಲ್ಲಿ ಅಬುಲ್ ಫಜಲ್ ‘ಆಯಿನ್-ಎ-ಅಕ್ಬರಿ’ಯಲ್ಲಿ ಹನ್ನೆರಡು ಬಣ್ಣಗಳ, 144 ಎಲೆಗಳ ಆಟವನ್ನು ವಿವರಿಸಿದ್ದಾನೆ. ಅಶ್ವಪತಿ, ಗಜಪತಿ, ನರಪತಿ ಮುಂತಾದವು ಅದರ ಬಣ್ಣಗಳು. ಬಾದಶಾಹ ಅದರಲ್ಲಿ ತನಗೆ ಬೇಕಾದ ಬದಲಾವಣೆ ಮಾಡಿಸಿದ. ದಖನ್ನಿನ ಕಡೆ ಬಂದಾಗ ಆಟ ಇನ್ನೊಂದು ರೂಪ ತಾಳಿತು. ಎಂಟು ಬಣ್ಣದ ಜಾಗದಲ್ಲಿ ಹತ್ತು ಅವತಾರಗಳು ಬಂದವು, 96 ಎಲೆ 120 ಆದವು. ಇದೇ ದಶಾವತಾರ ಗಂಜೀಫಾ. ಈ ಎಲೆಗಳನ್ನು ನೋಡಬೇಕೆಂದರೆ ನಾವು ಬಹಳ ದೂರ ಹೋಗಬೇಕಿಲ್ಲ. ನಿಪ್ಪಾಣಿಯಿಂದ ಆಜರಾ ಮೇಲೆ ಹೋಗಿ ಅಂಬೋಲಿ ಘಾಟ್ ಇಳಿದರೆ ಸಾವಂತವಾಡಿ. ಅಳಿವಿನ ಅಂಚಿಗೆ ಬಂದಿದ್ದ ಈ ಕಲೆಯನ್ನು ಅಲ್ಲಿಯ ರಾಜಮನೆತನ ಇಪ್ಪತ್ತನೆಯ ಶತಮಾನದಲ್ಲಿ ಮತ್ತೆ ಎತ್ತಿ ನಿಲ್ಲಿಸಿತು. ಮುಸಲ್ಮಾನ ಬಾದಶಾಹರ ಜೊತೆ ಬಂದ ಆಟ ದಶಾವತಾರದ ಆಟವಾಯಿತು. ಯಾರೂ ಯಾರ ಅನುಮತಿಯನ್ನೂ ಕೇಳಲಿಲ್ಲ. ಆಟದ ನಿಯಮ ಯಾರೊಬ್ಬರ ಆಸ್ತಿಯೂ ಆಗಿರಲಿಲ್ಲ. ಎಲೆ ಬರೆಯುವ ಚಿತ್ರಕಾರನಿಗೆ ಕೂಲಿ ಕೊಟ್ಟರೆ ಮುಗಿಯಿತು. ಹಣವುಳ್ಳವರಿಗೆ ಆನೆದಂತದ ‘ದರ್ಬಾರ್ ಕಲಂ’, ಬಡವರಿಗೆ ಸಾದಾ ‘ಬಾಜಾರ್ ಕಲಂ’. ಎಲೆಯ ಬೆಲೆ ಬೇರೆ, ಆಟ ಒಂದೇ.

ನಮ್ಮ ನಾಡಿನಲ್ಲಿ ಈ ಹಿಗ್ಗಿಸುವ ಕೆಲಸವನ್ನು ತುದಿಗೆ ಮುಟ್ಟಿಸಿದವರು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು. 1831ರಲ್ಲಿ ಬ್ರಿಟಿಷರು ಅವರ ಕೈಯಿಂದ ಆಡಳಿತವನ್ನು ತೆಗೆದುಕೊಂಡರು. ಅರಸರ ಆಸಕ್ತಿ ಪುಸ್ತಕ, ಚಿತ್ರ, ಆಟಗಳ ಕಡೆ ಹರಿಯಿತು. ‘ಶ್ರೀತತ್ತ್ವನಿಧಿ’ ಗ್ರಂಥದ ಕೌತುಕನಿಧಿಯಲ್ಲಿ ಅವರ ಕಾಲದ ಆಟಗಳ ವಿವರಗಳಿವೆ. ಅವರು ಯೋಜಿಸಿದ ಛದ ಗಂಜೀಫಾಗಳಲ್ಲಿ ಒಂದು ಬಣ್ಣಕ್ಕೆ ಹನ್ನೆರಡು ಅಂಕಿಯ ಎಲೆ, ಆರು ಚಿತ್ರದ ಎಲೆ. ಕಟ್ಟು ಬೆಳೆಯುತ್ತ ಬೆಳೆಯುತ್ತ 360 ಎಲೆಗಳವರೆಗೆ ಹೋಯಿತು. ರಾಜ್ಯವನ್ನು ಹಿಗ್ಗಿಸಲು ಆಗದ ಅರಸರು ಆಟವನ್ನು ಹಿಗ್ಗಿಸಿದರು.

ಆದರೆ ಆ ದೊಡ್ಡ ಕಟ್ಟುಗಳು ಅರಮನೆಯ ಹೊರಗೆ ಬೇರೂರಲಿಲ್ಲ. 96 ಎಲೆಯ ಆಟ ಸಿಂಧ್‌ನಿಂದ ಕೊಂಕಣದವರೆಗೆ ನಡೆದು ಬಂತು, 360 ಎಲೆಯ ಆಟ ಮೈಸೂರು ಕೋಟೆಯ ಬಾಗಿಲು ದಾಟಲಿಲ್ಲ. ಎಲೆ ಹೆಚ್ಚಾದಷ್ಟು ಆಟ ದೊಡ್ಡದಾಗುತ್ತದೆ ಎಂಬುದು ನಿಜ. ಜೊತೆಗೆ ಕೂಡುವವರು ಕಡಿಮೆಯಾಗುತ್ತಾರೆ ಎಂಬುದೂ ಅಷ್ಟೇ ನಿಜ.

ಪುರವಣಿ ಸರಕಾದದ್ದು

ಆಟದ ಹೆಚ್ಚುವರಿ ಭಾಗವನ್ನು ಡಬ್ಬಿಯಲ್ಲಿಟ್ಟು ಮಾರುವ ವ್ಯಾಪಾರ ಬೆಳೆದದ್ದು ಅಮೆರಿಕದಲ್ಲಿ, 1970ರ ದಶಕದಲ್ಲಿ. 1974ರಲ್ಲಿ ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಎಂಬ ಕಥೆಯಾಟ ಬಂತು. ಮರುವರ್ಷವೇ ಅದಕ್ಕೆ ‘ಗ್ರೇಹಾಕ್’ ಎಂಬ ಪುರವಣಿ ಪುಸ್ತಕ ಹೊರಬಿತ್ತು. 1977ರಲ್ಲಿ ‘ಕಾಸ್ಮಿಕ್ ಎನ್‌ಕೌಂಟರ್’ ಎಂಬ ಮೇಜಿನ ಮೇಲಿನ ಆಟ ಬಂತು. ಬೇರೆ ಬೇರೆ ಗ್ರಹಗಳ ಜೀವಿಗಳು ಪರಸ್ಪರ ಗ್ರಹಗಳಲ್ಲಿ ನೆಲೆಯೂರಲು ಹೋರಾಡುವ ತಂತ್ರದ ಆಟ ಅದು. ಪ್ರತಿ ಜೀವಿಗೂ ಆಟದ ಒಂದು ನಿಯಮವನ್ನು ಮುರಿಯುವ ಹಕ್ಕು. ಆದ್ದರಿಂದ ಹೊಸ ಜೀವಿಗಳನ್ನು ಸೇರಿಸುತ್ತಲೇ ಹೋಗಬಹುದು. ಪ್ರಕಾಶಕರು ಹಾಗೆಯೇ ಮಾಡಿದರು, ಮುಂದಿನ ಕೆಲವೇ ವರ್ಷಗಳಲ್ಲಿ ಒಂಬತ್ತು ಪುರವಣಿ ಡಬ್ಬಿಗಳನ್ನು ಮಾರಿದರು. ನಮ್ಮ ಹುಡುಗ ಭೋಜದಲ್ಲಿ ಕುಳಿತು ಕೊಳ್ಳಬೇಕೆಂದ ಸರಕಿಗೆ ಹತ್ತಿರದ ಪೂರ್ವಜ ಇದೇ.

ಗಮನಿಸಬೇಕಾದ ಮಾತೊಂದಿದೆ. ಆ ಡಬ್ಬಿ ಕೊಂಡವನಿಗೆ ಅದು ಸ್ವಂತ. ಬೇಕಾದರೆ ಗೆಳೆಯನಿಗೆ ಕೊಡಬಹುದು, ರದ್ದಿಯವನಿಗೆ ಮಾರಬಹುದು, ಮಗನಿಗೆ ಬಿಟ್ಟುಹೋಗಬಹುದು. ಪ್ರಕಾಶಕ ಅಂಗಡಿ ಮುಚ್ಚಿದರೂ ಡಬ್ಬಿ ಮುಚ್ಚುವುದಿಲ್ಲ.

ಕಂಪ್ಯೂಟರ್ ಆಟದಲ್ಲಿ ಈ ವ್ಯಾಪಾರದ ದೊಡ್ಡ ಉದಾಹರಣೆಯನ್ನು ನಮ್ಮ ತಲೆಮಾರು ಕಣ್ಣಾರೆ ಕಂಡಿತು. 1998ರ ಮಾರ್ಚ್ ಕೊನೆಗೆ ಅಮೆರಿಕದ ಬ್ಲಿಝರ್ಡ್ ಸಂಸ್ಥೆ ‘ಸ್ಟಾರ್‌ಕ್ರಾಫ್ಟ್’ ಆಟವನ್ನು ಹೊರತಂದಿತು. ಟೆರನ್, ಝರ್ಗ್, ಪ್ರೋಟಾಸ್ ಎಂಬ ಮೂರು ಜನಾಂಗಗಳ ಕಾದಾಟ. ಅದೇ ವರ್ಷ ಮುಗಿಯುವುದರೊಳಗೆ ‘ಬ್ರೂಡ್ ವಾರ್’ ಎಂಬ ಪುರವಣಿ ಬಂತು. ಏಳು ಹೊಸ ಬಗೆಯ ಪಡೆಗಳು, ಮುಂದುವರಿದ ಕಥೆ. ಮೊದಲ ಆಟದಲ್ಲಿ ಟೆರನ್ ಸೈನಿಕರಿಗೆ ಗಾಯವಾದರೆ ಯುದ್ಧಭೂಮಿಯಲ್ಲಿ ಮದ್ದು ಹಾಕುವವರು ಯಾರೂ ಇರಲಿಲ್ಲ. ಪುರವಣಿಯಲ್ಲಿ ಒಬ್ಬ ವೈದ್ಯೆ ಬಂದಳು. ಅವಳೊಬ್ಬಳು ಬಂದದ್ದರಿಂದ ಟೆರನ್ ಕಾಲಾಳುಗಳ ಯುದ್ಧದ ರೀತಿಯೇ ಬದಲಾಯಿತು.

ಆಗ ನಾವು ಬೆಳಗಾವಿಯಲ್ಲಿ ಓದುತ್ತಿದ್ದೆವು. ಗಂಟೆಗೆ 20 ರೂಪಾಯಿ ಕೊಟ್ಟರೆ ಸೈಬರ್ ಕೆಫೆಯಲ್ಲಿ ಕೂಡಲು ಬಿಡುತ್ತಿದ್ದರು. ಅಸಲಿ ಸಿ.ಡಿ. ಕೊಳ್ಳುವ ಶಕ್ತಿ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಸತ್ಯ ಹೇಳಬೇಕೆಂದರೆ, ಅಸಲಿ ಸಿ.ಡಿ. ಎಂಬುದೊಂದು ಇದೆ ಎಂಬುದೇ ನಮ್ಮಲ್ಲಿ ಅನೇಕರಿಗೆ ಗೊತ್ತಿರಲಿಲ್ಲ. ಒಮ್ಮೆ ನಾಲ್ವರು ಗೆಳೆಯರು ಹಣ ಕೂಡಿಸಿ ರಸ್ತೆ ಬದಿಯ ವ್ಯಾಪಾರಿಯಿಂದ ಬ್ರೂಡ್ ವಾರ್ ಎಂದು ಮಾರ್ಕರ್‌ನಲ್ಲಿ ಬರೆದ ನಕಲಿ ಸಿ.ಡಿ. ತಂದೆವು. ಗೆಳೆಯನೊಬ್ಬನ ಅಣ್ಣನ ಕಂಪ್ಯೂಟರಿನಲ್ಲಿ ರಾತ್ರಿಯೆಲ್ಲ ಹಾಕಿ ತೆಗೆದು ನೋಡಿದೆವು. ಆಟ ಶುರುವಾಗಲಿಲ್ಲ. ಫಜರ್ ಅಜಾನ್ ಆಗುವ ಹೊತ್ತಿಗೆ ಇಂಗ್ಲಿಷ್ ಚೆನ್ನಾಗಿ ಬಲ್ಲ ಒಬ್ಬ ಪರದೆಯ ಮೇಲಿನ ಸಾಲನ್ನು ಓದಿ ಹೇಳಿದ: ಇದಕ್ಕೆ ಮೊದಲು ಸ್ಟಾರ್‌ಕ್ರಾಫ್ಟ್ ಬೇಕು. ನಾವು ಪುರವಣಿ ಕೊಂಡಿದ್ದೆವು, ಪತ್ರಿಕೆ ಕೊಂಡಿರಲಿಲ್ಲ.

ಇಂದು ನೆನೆದರೆ ನಗು ಬರುತ್ತದೆ. ಜೊತೆಗೆ ಸ್ವಲ್ಪ ನಾಚಿಕೆಯೂ ಆಗುತ್ತದೆ. ಆ ಆಟವನ್ನು ಕಷ್ಟಪಟ್ಟು ಮಾಡಿದವರಿಗೆ ನಮ್ಮಿಂದ ಒಂದು ಪೈಸೆಯೂ ಹೋಗಲಿಲ್ಲ. ನಮ್ಮ ಅಳಿಯ ಅಸಲಿ ಕೊಳ್ಳಬೇಕೆಂದು ಹಣ ಕೇಳುತ್ತಿದ್ದಾನೆ, ಆ ಮಟ್ಟಿಗೆ ಅವನು ನಮಗಿಂತ ಪ್ರಾಮಾಣಿಕ ಎಂದು ಆ ಸಂಜೆ ಒಪ್ಪಿಕೊಳ್ಳಬೇಕಾಯಿತು.

ಬ್ರೂಡ್ ವಾರ್ ಮುಂದೆ ಏನಾಯಿತು ಎಂಬುದು ನಮ್ಮ ವಿಷಯಕ್ಕೆ ಮುಖ್ಯ. ದಕ್ಷಿಣ ಕೊರಿಯಾದಲ್ಲಿ ಅದು ಮನೆಮಾತಾಯಿತು. ಪಂದ್ಯಗಳು ದೂರದರ್ಶನದಲ್ಲಿ ಪ್ರಸಾರವಾದವು, ಆಡುವುದೇ ವೃತ್ತಿಯಾದ ತರುಣರು ಹುಟ್ಟಿಕೊಂಡರು. ಅವರು ಆಡಿದ್ದು ಪುರವಣಿ ಸೇರಿದ ಆಟವನ್ನು, ಮೂಲ ಆಟವನ್ನಲ್ಲ. ಪುರವಣಿಯೇ ಆಟವಾಯಿತು. ದಶಾವತಾರದ ಎಲೆಗಳಂತೆ ಇದೂ ಜನರ ಬಳಕೆಯಲ್ಲಿ ನೆಲೆ ನಿಂತಿತು. ಒಂದು ಹೊಸ ಭಾಗ ಬಂದಾಗ ಆಡುವವರೆಲ್ಲ ಅದನ್ನು ಒಪ್ಪಿ, ಅದಿಲ್ಲದೆ ಆಟವೇ ಇಲ್ಲ ಎಂದುಕೊಂಡರೆ ಅದು ಒಳ್ಳೆಯ ಪುರವಣಿ. ಕೆಲವರ ಡಬ್ಬಿಯಲ್ಲಿ ಮಾತ್ರ ಉಳಿದರೆ ಅದು ಅರಮನೆಯ 360 ಎಲೆ.

ತಂತಿಯ ಮೇಲೆ ಬಂದ ಸರಕು

2003ರಲ್ಲಿ ವಾಲ್ವ್ ಎಂಬ ಅಮೆರಿಕನ್ ಸಂಸ್ಥೆ ‘ಸ್ಟೀಮ್’ ಎಂಬ ಅಂಗಡಿಗೆ ನಾಂದಿ ಹಾಡಿತು. ಇಲ್ಲಿ ಡಬ್ಬಿ ಇಲ್ಲ, ಸಿ.ಡಿ. ಇಲ್ಲ, ಆಟ ನೇರವಾಗಿ ಇಂಟರ್ನೆಟ್ಟಿನಿಂದ ಕಂಪ್ಯೂಟರಿಗೆ ಇಳಿಯುತ್ತದೆ. ಡಬ್ಬಿಯ ಕಾಲದಲ್ಲಿ ಪುರವಣಿ ಮಾಡುವುದೆಂದರೆ ಅಚ್ಚು, ಸಾಗಾಟ, ಅಂಗಡಿಯ ಕಮಿಷನ್ ಎಲ್ಲದರ ಖರ್ಚಿತ್ತು. ಆದ್ದರಿಂದ ಅದರೊಳಗೆ ಬೆಲೆಗೆ ತಕ್ಕ ಸರಕು ಇರಲೇಬೇಕಿತ್ತು. ತಂತಿಯ ಮೇಲೆ ಸಾಗುವ ಸರಕಿಗೆ ಆ ಹಂಗಿಲ್ಲ. 2006ರ ಏಪ್ರಿಲ್‌ನಲ್ಲಿ ‘ಒಬ್ಲಿವಿಯನ್’ ಎಂಬ ಆಟದಲ್ಲಿ ಕುದುರೆಗೆ ತೊಡಿಸುವ ಕವಚವನ್ನು ಎರಡೂವರೆ ಡಾಲರಿಗೆ ಮಾರಿದರು. ಯುದ್ಧತಂತ್ರವಿಲ್ಲ, ಕಥೆಯಿಲ್ಲ, ಒಂದು ಅಲಂಕಾರ ಅಷ್ಟೇ. ಜನ ಬೈದರು, ನಕ್ಕರು. ಆದರೂ ಕೊಂಡರು. ಅಂದಿನಿಂದ ಪುರವಣಿ ಎಂಬ ಹೆಸರಿನಲ್ಲಿ ಇಡೀ ಹೊಸ ಪುಸ್ತಕವೂ ಸಿಗಬಹುದು, ಬರೀ ರಟ್ಟೂ ಸಿಗಬಹುದು ಎಂಬ ಸ್ಥಿತಿ ಬಂತು.

ಭೋಜದಂಥ ಊರಿಗೆ ಈ ಅಂಗಡಿ ಬಂದದ್ದು ಇನ್ನೂ ಹತ್ತು ವರ್ಷ ತಡವಾಗಿ. 2015ರ ಕೊನೆಯ ಹೊತ್ತಿಗೆ ಸ್ಟೀಮ್‌ನಲ್ಲಿ ರೂಪಾಯಿಯಲ್ಲಿ ಬೆಲೆ ತೋರಿಸತೊಡಗಿದರು. 2016ರಲ್ಲಿ ಮೂರು ಸಂಗತಿಗಳು ನಡೆದವು. ಏಪ್ರಿಲ್‌ನಲ್ಲಿ ಯು.ಪಿ.ಐ. ಪದ್ಧತಿಗೆ ಚಾಲನೆ ಸಿಕ್ಕಿತು, ಮೇ ತಿಂಗಳಲ್ಲಿ ಸ್ಟೆಲ್ಲಾರಿಸ್ ಬಂತು, ಸೆಪ್ಟೆಂಬರ್‌ನಲ್ಲಿ ಜಿಯೋ ಶುರುವಾಗಿ ಇಂಟರ್ನೆಟ್ ಅಗ್ಗವಾಯಿತು. ಹಣ ಕಳಿಸುವ ದಾರಿ, ಆಟ, ಆಟ ಇಳಿಸಿಕೊಳ್ಳುವ ದಾರಿ ಒಂದೇ ವರ್ಷದಲ್ಲಿ ತೆರೆದವು. ಕಬ್ಬು, ತಂಬಾಕು ಬೆಳೆಯುವ ಊರಿನ ಹುಡುಗ ಸ್ಟಾಕ್‌ಹೋಮ್‌ನ ಗಿರಾಕಿಯಾದದ್ದು ಹೀಗೆ.

ಗಿರಾಕಿ ಮಾತ್ರವಲ್ಲ, ಈ ಜಗತ್ತಿಗೆ ಸರಕು ತಯಾರಿಸುವ ಕೆಲಸದಲ್ಲೂ ಕನ್ನಡ ನಾಡಿನ ಪಾಲಿದೆ. 1997ರಲ್ಲಿ ರಾಜೇಶ್ ರಾವ್ ಬೆಂಗಳೂರಿನಲ್ಲಿ ‘ಧ್ರುವ ಇಂಟರಾಕ್ಟಿವ್’ ಆರಂಭಿಸಿದರು. ಈ ದೇಶದ ಮೊದಮೊದಲ ಆಟ ತಯಾರಿಕಾ ಸಂಸ್ಥೆಗಳಲ್ಲಿ ಅದೂ ಒಂದು. ಮೈಕ್ರೋಸಾಫ್ಟ್‌ನ ‘ಫೋರ್ಝಾ’ ರೇಸಿನ ಆಟಗಳಿಗೆ ಅಲ್ಲಿಯ ಕಲಾವಿದರು ಕಾರುಗಳನ್ನು ರೂಪಿಸಿದರು. 2017ರಲ್ಲಿ ಸಂಸ್ಥೆಯ ಬಹುಪಾಲು ಸ್ವೀಡನ್ನಿನ ಸ್ಟಾರ್‌ಬ್ರೀಝ್ ಕೈಗೆ ಹೋಯಿತು, 2019ರಲ್ಲಿ ಅಮೆರಿಕದ ರಾಕ್‌ಸ್ಟಾರ್ ಅದನ್ನು ಕೊಂಡಿತು. ಸಾವಂತವಾಡಿಯ ಚಿತ್ರಕಾರ ರಾಜನಿಗಾಗಿ ಎಲೆ ಬರೆದ ಹಾಗೆ, ಬೆಂಗಳೂರಿನ ಚಿತ್ರಕಾರ ದೂರದ ಕಂಪನಿಗಾಗಿ ಕಾರು ಬರೆದ. ಎಲೆ ಅಥವಾ ಕಾರು ಯಾರ ಹೆಸರಿನಲ್ಲಿ ಮಾರಾಟವಾಗುತ್ತದೆ ಎಂಬುದು ಬೇರೆ ಮಾತು.

ಕೈಯಲ್ಲಿದ್ದದ್ದು ಬದಲಾದಾಗ

ಇನ್ನು ಅಮ್ಮೀಯ ಪ್ರಶ್ನೆಗೆ ಬರೋಣ. ಪೂರ್ತಿ ಆಟ ಯಾವುದು?

ಸ್ಟೆಲ್ಲಾರಿಸ್ ಮೊದಲು ಬಂದಾಗ ನಕ್ಷತ್ರದಿಂದ ನಕ್ಷತ್ರಕ್ಕೆ ಹೋಗಲು ಮೂರು ವಿಧಾನಗಳಿದ್ದವು. ಆಡುವವನು ಆರಂಭದಲ್ಲೇ ತನಗೆ ಬೇಕಾದದ್ದನ್ನು ಆರಿಸಿಕೊಳ್ಳಬಹುದಿತ್ತು. 2018ರ ಫೆಬ್ರವರಿಯಲ್ಲಿ ‘ಅಪಾಕಲಿಪ್ಸ್’ ಪುರವಣಿ ಬಂತು. ಗ್ರಹಗಳನ್ನೇ ಒಡೆದು ಹಾಕುವ ಅಸ್ತ್ರ ಅದರ ಆಕರ್ಷಣೆ. ಅದರ ಜೊತೆಗೆ ಮೂಲ ಆಟಕ್ಕೆ 2.0 ಎಂಬ ಪರಿಷ್ಕರಣೆಯೂ ಬಂತು. ಇಂಥ ಪರಿಷ್ಕರಣೆಗಳಿಗೆ ವಿಜ್ಞಾನ ಕಥೆಗಾರರ ಹೆಸರಿಡುವುದು ಆ ಸಂಸ್ಥೆಯ ರೂಢಿ. ಇದಕ್ಕೆ ಅಮೆರಿಕದ ಲೇಖಕಿ ಚೆರ್ರಿ ಅವರ ಹೆಸರು. ಇದು ಉಚಿತ, ಎಲ್ಲರಿಗೂ ಸೇರಿದ್ದು. ಇದರಲ್ಲಿ ಮೂರು ವಿಧಾನಗಳ ಆಯ್ಕೆ ಹೋಗಿ, ಎಲ್ಲರೂ ಗೆರೆ ಎಳೆದ ಒಂದೇ ಬಗೆಯ ದಾರಿಗಳಲ್ಲಿ ಸಾಗಬೇಕಾಯಿತು. ಗಡಿ, ಕೋಟೆ, ಕಣಿವೆಗಳಿಗೆ ಆಗಲೇ ಅರ್ಥ ಬರುತ್ತದೆ ಎಂಬುದು ಆಟ ಮಾಡಿದವರ ವಾದ. ವಾದದಲ್ಲಿ ತಿರುಳಿತ್ತು, ಹೊಸ ರೀತಿಯನ್ನು ಮೆಚ್ಚಿದವರೂ ಬಹಳ. ಆದರೆ ಪುರವಣಿ ಕೊಳ್ಳದವನ ಮೂಲ ಆಟವೂ ಬದಲಾಗಿತ್ತು. ಅವನು ದುಡ್ಡು ಕೊಟ್ಟು ಕೊಂಡ ಒಂದು ಭಾಗ ಈಗ ಅವನೆದುರು ಇರಲಿಲ್ಲ. ಸಂಸ್ಥೆ ಹಳೆಯ ಆವೃತ್ತಿಗಳನ್ನು ಬೇಕಾದವರಿಗೆ ಉಳಿಸಿಕೊಟ್ಟಿದೆ ಎಂಬುದನ್ನೂ ಹೇಳಬೇಕು. ಆದರೂ ಎಲೆಯ ಡಬ್ಬಿ ಮುಚ್ಚಿಟ್ಟು ಬೆಳಿಗ್ಗೆ ತೆರೆದಾಗ ಒಳಗೆ ಬೇರೆ ಎಲೆಗಳಿರುವುದು ಗಂಜೀಫಾ ಆಡಿದವರಿಗೆ ತಿಳಿಯದ ಅನುಭವ.

ಇದಕ್ಕೆ ಇನ್ನೊಂದು ಮುಖವೂ ಇದೆ. 2021ರಲ್ಲಿ ಪ್ಯಾರಡಾಕ್ಸ್ ‘ಕಸ್ಟೋಡಿಯನ್’ ಎಂಬ ತಂಡವನ್ನು ಕಟ್ಟಿತು. ಹೊಸದನ್ನು ಮಾಡುವುದಲ್ಲ, ಹಳೆಯ ಪುರವಣಿಗಳನ್ನು ರಿಪೇರಿ ಮಾಡಿ ಬೆಳೆಸುವುದು ಆ ತಂಡದ ಕೆಲಸ. ಹಾಗಾಗಿ 2017ರಲ್ಲಿ ಕೊಂಡವನಿಗೆ ವರ್ಷಗಳ ನಂತರವೂ ಹೊಸದೇನೋ ಬಿಟ್ಟಿ ಸಿಕ್ಕಿತು. ಹತ್ತು ವರ್ಷ ಒಂದು ಆಟವನ್ನು ಜೀವಂತ ಇಡಬೇಕಾದರೆ ಅಷ್ಟು ಜನರ ಸಂಬಳ ಎಲ್ಲಿಂದಾದರೂ ಬರಬೇಕು. ಅದು ಪುರವಣಿಗಳಿಂದ ಬರುತ್ತದೆ. ಇದು ಮೋಸವಲ್ಲ, ಒಂದು ಬಗೆಯ ಒಪ್ಪಂದ. ಕೊಳ್ಳುವವನಿಗೆ ಒಪ್ಪಂದದ ಶರತ್ತು ಗೊತ್ತಿರಬೇಕು ಅಷ್ಟೇ.

ಖರೀದಿಯೋ ಲಾವಣಿಯೋ

ನಮ್ಮ ಕಡೆ ಹೊಲದ ವಿಷಯದಲ್ಲಿ ಎರಡು ಮಾತುಗಳಿವೆ, ಖರೀದಿ ಮತ್ತು ಲಾವಣಿ. ಖರೀದಿ ಮಾಡಿದರೆ ಹೊಲ ನಮ್ಮದು. ಲಾವಣಿಗೆ ಮಾಡಿದರೆ ಉಳುವ, ಬೆಳೆಯುವ ಹಕ್ಕು ಮಾತ್ರ ನಮ್ಮದು, ನೆಲ ಮಾಲೀಕನದು. ಮದರಸಾದ ಉರ್ದುವಿನಲ್ಲಿ ನಾವು ಇದನ್ನೇ ಬೈ ಮತ್ತು ಇಜಾರಾ ಎಂದು ಕಲಿತೆವು. ಎರಡೂ ನ್ಯಾಯವಾದ ವ್ಯವಹಾರಗಳೇ. ಲಾವಣಿಯನ್ನು ಖರೀದಿ ಎಂದು ಹೇಳಿ ಕೊಟ್ಟರೆ ಮಾತ್ರ ತಕರಾರು.

ಪರದೆಯ ಮೇಲೆ ‘ಖರೀದಿಸಿ’ ಎಂಬ ಗುಂಡಿ ಇರುತ್ತದೆ. ಆದರೆ ಒತ್ತಿದವನಿಗೆ ಸಿಗುವುದು ಬಳಸುವ ಪರವಾನಗಿ. ಸ್ಟೀಮ್‌ನ ಕರಾರಿನಂತೆ ಖಾತೆಯನ್ನು ಮಾರಲು ಬರುವುದಿಲ್ಲ, ಇನ್ನೊಬ್ಬರ ಹೆಸರಿಗೆ ಮಾಡಿಕೊಡಲೂ ಬರುವುದಿಲ್ಲ. ಅಂದರೆ ನಮ್ಮ ಅಳಿಯ ಇಪ್ಪತ್ತು ವರ್ಷ ಕೂಡಿಸಿದ ಆಟ, ಪುರವಣಿಗಳು ಅವನ ಮಕ್ಕಳಿಗೆ ವಿರಾಸತ್ತಾಗಿ ಹೋಗುವುದಿಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2024ರಲ್ಲಿ ಈ ಬಗ್ಗೆ ಒಂದು ಕಾನೂನು ಮಾಡಿತು, 2025ರ ಜನವರಿ 1ರಿಂದ ಅದು ಜಾರಿಗೆ ಬಂತು. ಸಿಗುವುದು ಪರವಾನಗಿ ಮಾತ್ರ ಎಂದು ಸ್ಪಷ್ಟವಾಗಿ ತಿಳಿಸದೆ ಇಂಥ ಸರಕಿಗೆ ‘ಖರೀದಿ’ ಎಂಬ ಮಾತನ್ನು ಅಂಗಡಿಯವರು ಬಳಸುವಂತಿಲ್ಲ. ಅದು ಜಾರಿಗೆ ಬರುವ ಮುಂಚೆಯೇ ಸ್ಟೀಮ್ ತನ್ನ ಅಂಗಡಿಯಲ್ಲಿ ಆ ಸಾಲನ್ನು ಸೇರಿಸಿತು. 2024ರಲ್ಲಿ ಸ್ಟೆಲ್ಲಾರಿಸ್‌ನ ಪುರವಣಿಗಳನ್ನು ತಿಂಗಳ ಬಾಡಿಗೆಗೆ ಕೊಡುವ ಪದ್ಧತಿಯೂ ಬಂತು. ಒಂದು ಅರ್ಥದಲ್ಲಿ ಇದು ಹೆಚ್ಚು ಪ್ರಾಮಾಣಿಕ. ಲಾವಣಿಯನ್ನು ಲಾವಣಿ ಎಂದೇ ಕರೆಯುತ್ತದೆ.

ಹಿರಿಯರು ಇನ್ನೊಂದು ಪ್ರಶ್ನೆ ಕೇಳುತ್ತಾರೆ: ಇದು ಜೂಜಲ್ಲವೇ? ಅಲ್ಲ. ಯುಟೋಪಿಯಾ ಕೊಂಡವನಿಗೆ ಏನು ಸಿಗುತ್ತದೆ ಎಂಬುದು ಕೊಳ್ಳುವ ಮುಂಚೆಯೇ ಗೊತ್ತು. ಹಣ ಹಾಕಿ ಡಬ್ಬಿ ತೆರೆದ ಮೇಲೆ ಏನು ಸಿಗುತ್ತದೋ ನೋಡು ಎನ್ನುವ ಲೂಟ್ ಬಾಕ್ಸ್ ಬೇರೆ, ಬೆಲ್ಜಿಯಂ ದೇಶ 2018ರಲ್ಲಿ ಅಂಥವುಗಳನ್ನು ಜೂಜೆಂದೇ ಪರಿಗಣಿಸಿತು. 2025ರ ಆಗಸ್ಟ್‌ನಲ್ಲಿ ನಮ್ಮ ಸಂಸತ್ತು ಒಪ್ಪಿದ ಆನ್‌ಲೈನ್ ಆಟಗಳ ಕಾನೂನೂ ಹಣ ಒಡ್ಡಿ ಗೆಲ್ಲುವ ಆಟಗಳನ್ನು ನಿಷೇಧಿಸಿತು, ಪಣವಿಲ್ಲದ ಆಟಗಳನ್ನು ಬೇರೆಯಾಗಿ ನೋಡಿತು. ಈ ಭೇದವನ್ನು ಮನೆಯ ಹಿರಿಯರು ತಿಳಿದುಕೊಳ್ಳುವುದು ಒಳ್ಳೆಯದು. ಎಲ್ಲವನ್ನೂ ಒಂದೇ ಹೊಡೆತಕ್ಕೆ ಬೈದರೆ ಮಕ್ಕಳು ನಿಜವಾದ ಅಪಾಯದ ಮಾತನ್ನೂ ಕೇಳುವುದಿಲ್ಲ.

ಆ ಸಂಜೆ ನಾವು ಇಷ್ಟೆಲ್ಲ ತಿಳಿದವರಾಗಿರಲಿಲ್ಲ. ಅಳಿಯನಿಗೆ ಎರಡೇ ಮಾತು ಹೇಳಿದೆವು. ಒಂದು, ಇರುವುದನ್ನೆಲ್ಲ ಕೊಳ್ಳಬೇಡ, ನಿನಗೆ ಬೇಕಾದದ್ದು ಒಂದು ಆರಿಸು. ಎರಡು, ಸೋಡಿ ಬರುವವರೆಗೆ ಕಾಯಿ. ಅವನು ತಲೆಯಾಡಿಸಿದ. ಆಮೇಲೆ ಅವನು ಹೇಳಿದ ಮಾತು ನಮಗೆ ಗೊತ್ತಿರಲಿಲ್ಲ. ಗೆಳೆಯರು ಕೂಡಿ ಆಡುವಾಗ ಆಟವನ್ನು ನಡೆಸುವವನ ಹತ್ತಿರ ಪುರವಣಿ ಇದ್ದರೆ ಸಾಕು, ಜೊತೆಗೆ ಸೇರಿದವರೆಲ್ಲ ಆ ಆಟದಲ್ಲಿ ಅದನ್ನು ಬಳಸಬಹುದು. ಅವನ ಮೂವರು ಗೆಳೆಯರಲ್ಲಿ ಒಬ್ಬ ಕಾರದಗಾದವನು, ಒಬ್ಬ ಕುನ್ನೂರದವನು, ಒಬ್ಬ ನಿಪ್ಪಾಣಿಯವನು. ನಾಲ್ವರೂ ಹಣ ಕೂಡಿಸಿ ಒಂದನ್ನೇ ಕೊಳ್ಳುವ ಲೆಕ್ಕ ಹಾಕಿದ್ದರು. ನಾವು ನಾಲ್ವರು ನಕಲಿ ಸಿ.ಡಿ.ಗೆ ಹಣ ಕೂಡಿಸಿದ ನೆನಪಾಯಿತು. ಇವರು ಅಸಲಿಗೇ ಕೂಡಿಸುತ್ತಿದ್ದರು.

ಈ ಸೌಲಭ್ಯವನ್ನು ಕೊಟ್ಟದ್ದು ಕಂಪನಿಯೇ, ನಾಳೆ ಹಿಂದಕ್ಕೆ ಪಡೆಯಬಲ್ಲದ್ದೂ ಕಂಪನಿಯೇ. ಆದರೂ ಇದರಲ್ಲಿ ಹಳೆಯ ಗಂಜೀಫಾದ ರೂಢಿ ಸ್ವಲ್ಪ ಉಳಿದಿದೆ. ಓಣಿಯಲ್ಲಿ ಒಬ್ಬರ ಮನೆಯಲ್ಲಿ ಎಲೆಯ ಡಬ್ಬಿ ಇದ್ದರೆ ಉಳಿದವರು ಬರಿಗೈಯಲ್ಲಿ ಬಂದು ಕೂಡುತ್ತಿದ್ದರು. ಕೊಂಡವನೊಬ್ಬ, ಆಡಿದವರು ನಾಲ್ವರು. ಪುರವಣಿ ಕೊಳ್ಳುವ ಮುಂಚೆ ಹುಡುಗರು ಅದರಲ್ಲಿ ಎಷ್ಟು ಹಡಗುಗಳಿವೆ ಎಂದು ಕೇಳುತ್ತಾರೆ. ಎಷ್ಟು ಜನ ಕೂಡಬಹುದು ಎಂದು ಕೇಳಿದರೆ ಹೆಚ್ಚು ಲಾಭ.

ದೀಪಾವಳಿಯ ಹೊತ್ತಿಗೆ ಸೋಡಿ ಬಂತು. ಕೊಂಡರು. ಆ ರಾತ್ರಿ ನಾಲ್ಕು ಊರಿನ ಹುಡುಗರು ಫೋನಿನಲ್ಲಿ ಕನ್ನಡ, ಮರಾಠಿ, ದಖನಿ ಎಲ್ಲ ಬೆರೆಸಿ ಕೂಗಾಡುತ್ತ ಯಾವುದೋ ನಕ್ಷತ್ರದ ಸುತ್ತ ಉಂಗುರ ಕಟ್ಟಿದರು. ಅಮ್ಮೀ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ನೋಡಿದರು.

“ಈಗರ ಪೂರ್ತಿ ಆತೇನು?” ಎಂದು ಕೇಳಿದರು.

“ಇನ್ನೂ ಇಲ್ಲ ನಾನಿ” ಎಂದ ಮೊಮ್ಮಗ, ಪರದೆಯಿಂದ ಕಣ್ಣು ತೆಗೆಯದೆ.